ಗಂಜಿನ ಧೂಳು, ಸಿಪಾಯಿಯ ಮೈ

ನಾನು ಬಣ್ಣ ಹಚ್ಚುವ ಸಿಪಾಯಿ ಗೊಂಬೆಗಳು ಸುಮಾರು 120 ಮಿಲಿಮೀಟರ್ ಎತ್ತರದವು, ಅಂದರೆ ಆಳಿನ ಹದಿನಾರನೇ ಒಂದು ಪಾಲು. ರೆಸಿನ್‌ನಲ್ಲಿ ಎರಕ ಹೊಯ್ದ ಬಿಡಿಭಾಗಗಳಾಗಿ ಬರುತ್ತವೆ. ಅಂಟಿಸಿ, ಬಣ್ಣ ಬಳಿದು, ಕೊನೆಗೆ ಧೂಳು, ಬೆವರು, ಸವೆತ ಮೂಡಿಸಬೇಕು. ಹವ್ಯಾಸಿಗಳು ಇದಕ್ಕೆ ವೆದರಿಂಗ್ ಅನ್ನುತ್ತಾರೆ. ಬೀದರಿನ ಗಾಂಧಿ ಗಂಜಿನಲ್ಲಿ ನನ್ನದೊಂದು ಅಡತಿ ಅಂಗಡಿ. ಬಾಗಿಲು ಹಾಕಿದ ಮೇಲೆ ಈ ಕೆಲಸ. ನನಗಿಂತ ಚೆನ್ನಾಗಿ ಮಾಡುವವರು ಬಹಳ ಮಂದಿ ಇದ್ದಾರೆ. ನನ್ನಷ್ಟು ಕೆಡಿಸಿದವರು ಕಡಿಮೆ ಇರಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಸೋಪು, ಆಮೇಲೆ ಬಣ್ಣ.

ಎರಕ ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಅಚ್ಚಿಗೆ ಜಿಡ್ಡು ಸವರಿರುತ್ತಾರೆ. ಅದು ಗೊಂಬೆಯ ಮೈಗೂ ಅಂಟಿಕೊಂಡು ಬರುತ್ತದೆ. ನಾನು ತೊಳೆಯದೆ ಬಳಿದೆ. ಮಾರನೇ ದಿನ ಮುಟ್ಟಿದಾಗ ಮೂಗಿನ ಬಣ್ಣ ಬೆರಳಿಗೆ ಬಂತು. ಈಗ ಉಗುರುಬೆಚ್ಚಗಿನ ಸೋಪುನೀರು, ಹಳೆಯ ಹಲ್ಲುಜ್ಜುವ ಬ್ರಷ್, ಪೂರ್ತಿ ಒಣಗಿದ ಮೇಲೆ ಪ್ರೈಮರ್. ಇನ್ನೊಂದು ಮಾತು: ರೆಸಿನ್ ಉಜ್ಜಿದ ಪುಡಿ ಎದೆಗೆ ಒಳ್ಳೆಯದಲ್ಲ. ನೀರು ಹಚ್ಚಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ.

2. ನಮ್ಮ ಬೇಸಿಗೆಗೆ ಬಣ್ಣವೂ ತಾಳುವುದಿಲ್ಲ.

ಏಪ್ರಿಲ್‌ನಲ್ಲಿ ಅಕ್ರಿಲಿಕ್ ಬಣ್ಣ ಬ್ರಷ್‌ನ ತುದಿಯಲ್ಲೇ ಒಣಗುತ್ತದೆ. ಫ್ಯಾನ್ ಹಾಕಿಕೊಂಡು ಬಳಿದು, ಕೋಟಿನ ತುಂಬ ಗಂಟುಗಂಟು ಮಾಡಿದ್ದೆ. ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಬಟ್ಟೆ, ಅದರ ಮೇಲೆ ಬಟರ್ ಪೇಪರ್ ಹಾಸಿ ಅಲ್ಲಿ ಬಣ್ಣ ಕಲಸಿದರೆ ಬಹಳ ಹೊತ್ತು ಹಸಿಯಾಗಿರುತ್ತದೆ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ನಾಲ್ಕು ಸಲ ಬಳಿಯುವುದು ಲೇಸು.

3. 'ಫ್ಲೆಶ್' ಬಾಟಲಿ ನಮ್ಮ ಮೈಬಣ್ಣವಲ್ಲ.

ಎರಡನೇ ಮಹಾಯುದ್ಧದಲ್ಲಿ 25 ಲಕ್ಷಕ್ಕೂ ಹೆಚ್ಚು ಭಾರತೀಯರು ಸೈನ್ಯದಲ್ಲಿದ್ದರು. ಅವರಲ್ಲೊಬ್ಬನನ್ನು ಮಾಡಲು ಹೋಗಿ, ಬಾಟಲಿಯ ಬಣ್ಣ ನಂಬಿ, ಪೇಟ ಸುತ್ತಿಕೊಂಡ ಇಂಗ್ಲಿಷ್ ಕ್ಯಾಪ್ಟನ್‌ನನ್ನು ಮಾಡಿಟ್ಟೆ. ಈಗ ಬರ್ನ್ಟ್ ಸಿಯೆನಾ, ಯೆಲ್ಲೋ ಓಕರ್ ಬೆರೆಸುತ್ತೇನೆ. ನೆರಳಿಗೆ ಚೂರು ಅಲ್ಟ್ರಾಮರೀನ್. ಕಪ್ಪು ಬೆರೆಸಿದರೆ ಮುಖಕ್ಕೆ ಮಸಿ ಬಳಿದ ಹಾಗಾಗುತ್ತದೆ. ಕಣ್ಣಿಗೆ ಅಚ್ಚ ಬಿಳಿ ಬೇಡ. ಕಣ್ಣಿನ ಕರಿಗುಡ್ಡೆ ಮೇಲಿನ ರೆಪ್ಪೆಗೆ ತಾಗಿರಲಿ. ಸುತ್ತಲೂ ಬಿಳಿ ಕಂಡರೆ ಸಿಪಾಯಿ ದೆವ್ವ ಕಂಡವನಾಗುತ್ತಾನೆ.

4. ಹೊಳಪಿಗೆ ಕಪ್ಪೇ ಆಸರೆ.

1470ರ ಸುಮಾರಿಗೆ ಬೀದರಿಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫಾನಾಸಿ ನಿಕಿತಿನ್ ಇಲ್ಲಿನ ಸುಲ್ತಾನರ ದಂಡನ್ನೂ ಕವಚ ತೊಟ್ಟ ಆನೆಗಳನ್ನೂ ಬಣ್ಣಿಸಿದ್ದಾನೆ. ಆ ಹುಮ್ಮಸ್ಸಿನಲ್ಲಿ ಒಬ್ಬ ಬಹಮನಿ ಸವಾರನ ಸರಪಳಿ ಕವಚಕ್ಕೆಲ್ಲ ಬೆಳ್ಳಿ ಬಣ್ಣ ಬಳಿದೆ. ಬೇಕರಿ ಸ್ವೀಟಿನ ವರ್ಖದಂತೆ ಕಂಡಿತು. ಪರಿಹಾರ ನಮ್ಮ ಊರಲ್ಲೇ ಇತ್ತು. ಬಿದರಿ ಕುಸುರಿಯವರು ಸತು, ತಾಮ್ರದ ಎರಕದಲ್ಲಿ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ದ್ರಾವಣ ಹಚ್ಚುತ್ತಾರೆ. ಎರಕ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಸುತ್ತ ಕಪ್ಪಿರುವುದರಿಂದಲೇ ಅದು ಹೊಳೆಯುವುದು. ಅಂದಿನಿಂದ ಕವಚಕ್ಕೆ ಮೊದಲು ಕಪ್ಪು, ಆಮೇಲೆ ಉಬ್ಬಿದ ಅಂಚಿಗಷ್ಟೇ ಒಣ ಬ್ರಷ್‌ನಿಂದ ಬೆಳ್ಳಿ ಸವರುತ್ತೇನೆ.

5. ಕೊಳೆ ಎಲ್ಲ ಕಡೆ ಒಂದೇ ಸಮ ಹತ್ತುವುದಿಲ್ಲ.

ಬೆನ್ನುಚೀಲ ಹೊತ್ತ ಒಬ್ಬ ಜವಾನನಿಗೆ ಅಡಿಯಿಂದ ಮುಡಿವರೆಗೆ ಕಂದು ನೀರು ಬಳಿದು ಗಲ್ಲಾಪೆಟ್ಟಿಗೆಯ ಪಕ್ಕ ಒಣಗಲು ಇಟ್ಟಿದ್ದೆ. ನಮ್ಮ ಹಮಾಲರಲ್ಲೊಬ್ಬ ಬಗ್ಗಿ ನೋಡಿ, "ಸಾವ್ಕಾರ್ರೆ, ಇವ ಚೀಲ ಹೊತ್ತಾಂವ ಅಲ್ಲ ಬಿಡ್ರಿ. ಮಣ್ಣಾಗ ಹೊರಳಾಡಿ ಬಂದಾನ" ಅಂದ. ಆಗ ಅವನ ಅಂಗಿಯನ್ನೇ ಸರಿಯಾಗಿ ನೋಡಿದೆ. ತೊಗರಿ ಚೀಲ ಕೂರುವ ಹೆಗಲ ಮೇಲೆ ಬಟ್ಟೆ ಸವೆದು ನೂಲು ಕಾಣುತ್ತಿತ್ತು. ಬೆನ್ನಿನ ನಡುವೆ ಬೆವರು ಒಣಗಿ ಬಿಳಿ ಉಪ್ಪಿನ ಗೆರೆ. ಜೇಬಿನ ಬಾಯಿ ಬೆರಳು ತಾಗಿ ತಾಗಿ ಕರ್ರಗೆ ಜಿಡ್ಡು. ಕಂಕುಳ ಕೆಳಗೆ ಮಾತ್ರ ಅಂಗಿಯ ಮೂಲ ನೀಲಿ ಉಳಿದಿತ್ತು. ಸಿಪಾಯಿಯದೂ ಇದೇ ಲೆಕ್ಕ: ಪಟ್ಟಿ ಉಜ್ಜುವಲ್ಲಿ ಸವೆತ, ಮಂಡಿಗೆ ಮಣ್ಣು, ಬಿಸಿಲು ಬೀಳುವಲ್ಲಿ ಬಣ್ಣ ಮಾಸಬೇಕು. ಒಂದೊಂದು ಕಲೆ ಹಚ್ಚುವ ಮೊದಲೂ 'ಇದು ಹೇಗೆ ಹತ್ತಿತು?' ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಸಿಗದಿದ್ದರೆ ಹಚ್ಚುವುದಿಲ್ಲ.

6. ಯಾವ ಊರಿನ ಮಣ್ಣು, ಯಾವ ತಿಂಗಳು?

1948ರ ಸೆಪ್ಟೆಂಬರ್ 13ರಂದು ಹೈದರಾಬಾದ್ ಕಾರ್ಯಾಚರಣೆ ಶುರುವಾದಾಗ ಸೊಲ್ಲಾಪುರದ ಕಡೆಯಿಂದ ಹೊರಟ ಭಾರತದ ಸೈನ್ಯ ನಳದುರ್ಗ, ಹುಮನಾಬಾದ್ ಮಾರ್ಗವಾಗಿ ಸಾಗಿತು. ಅದರ ಸೈನಿಕನೊಬ್ಬನನ್ನು ಮಾಡಿ, ಬೂಟಿಗೆ ನಮ್ಮ ಕೋಟೆ ಕಡೆಯ ಕೆಂಪು ಧೂಳು ಉದುರಿಸಿದೆ. ಎರಡು ತಪ್ಪು. ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಗುಡ್ಡ ಇಳಿದು ಭಾಲ್ಕಿ, ಔರಾದ್ ಕಡೆ ಹೋದರೆ ಎರೆಭೂಮಿ, ಆ ಸೈನ್ಯದ ದಾರಿಯಲ್ಲೂ ಹೆಚ್ಚು ಅದೇ. ಮೇಲಾಗಿ ಸೆಪ್ಟೆಂಬರ್ ನಮ್ಮಲ್ಲಿ ಮಳೆಯ ತಿಂಗಳು. ಎರೆಯ ಕೆಸರು ಹಿಮ್ಮಡಿಗೆ ಹೆಂಟೆಯಾಗಿ ಕಚ್ಚುತ್ತದೆ, ಧೂಳಾಗಿ ಏಳುವುದಿಲ್ಲ. ನಿಜವಾದ ಮಣ್ಣನ್ನೇ ಬಳಸುವುದಾದರೆ ಅರೆದು, ಮಲ್‌ಮಲ್ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಈ ಅಳತೆಯಲ್ಲಿ ಒಂದು ಮರಳಿನ ಕಣವೂ ಕಲ್ಲಾಗಿ ಕಾಣುತ್ತದೆ.

7. ವಾರ್ನಿಷ್ ಮೊದಲು, ಧೂಳು ಕೊನೆಗೆ.

ಹಚ್ಚಿದ ಧೂಳು ಉದುರಬಾರದೆಂದು ಮೇಲೆ ಮ್ಯಾಟ್ ವಾರ್ನಿಷ್ ಸಿಂಪಡಿಸಿದೆ. ಧೂಳೆಲ್ಲ ಅದನ್ನು ಹೀರಿ ಮಾಯವಾಯಿತು. ಕಾಣಲಿಲ್ಲವೆಂದು ಇನ್ನಷ್ಟು ಹಚ್ಚಿದೆ, ಗೊಂಬೆ ಕೆಟ್ಟಿತು. ಈಗ ವಾರ್ನಿಷ್ ಒಣಗಿದ ಮೇಲೆ ಧೂಳು ಸವರಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಟ್ಟದೆ ಬಿಡುತ್ತೇನೆ.

ಹೊಸಬರು ದುಬಾರಿ ಕಿಟ್ ತರಿಸುವ ಅವಸರ ಮಾಡಬೇಡಿ. ಮನೆಯಲ್ಲಿರುವ ಹಳೆಯ ಪ್ಲಾಸ್ಟಿಕ್ ಗೊಂಬೆಯನ್ನು ಮೊದಲು ಧಾರಾಳವಾಗಿ ಕೆಡಿಸಿ. ಬ್ರಷ್ ಹಿಡಿಯುವ ಮುನ್ನ ಗಂಜಿನಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಅರ್ಧ ಗಂಟೆ ನಿಂತು, ದುಡಿದು ಬಂದವರ ಬಟ್ಟೆ, ಚಪ್ಪಲಿ ನೋಡಿ. ಅದಕ್ಕೆ ದುಡ್ಡು ಬೇಕಿಲ್ಲ.