ಜನ ಹೊಗಳಿದ್ದೆಲ್ಲ ಪೊಳ್ಳಲ್ಲ

ಓದಿಗೋ ಕೆಲಸಕ್ಕೋ ಪುಣೆಗೆ ಹೊರಟಿದ್ದೀರಾ? ಹೆಸರಾದ ಜಾಗಗಳ ಮಾತೆತ್ತಿದರೆ ‘ಎಲ್ಲರೂ ಹೋಗುವ ಜಾಗ, ಬರೀ ಹೆಸರು’ ಎಂದು ಮೂಗು ಮುರಿಯುವವರು ಅಲ್ಲೂ ಸಿಗುತ್ತಾರೆ. ಅವರ ಮಾತಿಗೆ ಪೂರ್ತಿ ಕಿವಿಗೊಡಬೇಡಿ.

ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ಯನ್ನೇ ನೋಡಿ. ನಮ್ಮ ಕರಾವಳಿಯಿಂದ ಹೋದ ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲು. ದೋಸೆ ನಮ್ಮೂರಲ್ಲೂ ಸಿಗುತ್ತದೆ, ನಿಜ. ಅಲ್ಲಿ ಎಸ್‌ಪಿಡಿಪಿ (ಸೇವ್ ಪೊಟ್ಯಾಟೊ ದಹಿ ಪೂರಿ) ತರಿಸಿ: ಪೂರಿಯೊಳಗೆ ಆಲೂಗಡ್ಡೆ, ಮೇಲೆ ತಣ್ಣನೆಯ ಸಿಹಿ ಮೊಸರು, ಅದರ ಮೇಲೆ ಸಣ್ಣ ಸೇವು. ಫೋಟೊ ತೆಗೆಯುತ್ತ ಕೂತರೆ ಸೇವು ಮೆತ್ತಗಾದೀತು, ಬಂದ ಕೂಡಲೇ ಬಾಯಿಗಿಡಿ. ಭಾನುವಾರದ ನೂಕುನುಗ್ಗಲು ಬೇಡ, ವಾರದ ನಡುವೆ ಬೆಳಿಗ್ಗೆ ಬೇಗ ಹೋಗಿ.

ಕ್ಯಾಂಪ್ ಪ್ರದೇಶದ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತೂ ಅಷ್ಟೇ. ಬೆಣ್ಣೆಯ ಘಮ, ಒತ್ತಿದರೆ ಪುಡಿ. ಊರಿಗೆ ಒಯ್ಯುವುದಾದರೆ ಬ್ಯಾಗಿನ ತಳಕ್ಕೆ ತುರುಕಬೇಡಿ.

ಡಿಸೆಂಬರಿನಲ್ಲಿ ಅಲ್ಲಿದ್ದರೆ ಸವಾಯಿ ಗಂಧರ್ವ ಸಂಗೀತೋತ್ಸವ ತಪ್ಪಿಸಲೇಬೇಡಿ. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ಗದಗ ಸೀಮೆಯ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಉತ್ಸವವಿದು. ‘ಶಾಸ್ತ್ರೀಯ ಸಂಗೀತ ನಮ್ಮ ತಲೆಗೆ ಹತ್ತದು’ ಎನ್ನುವವರೂ ನೆಲದ ಬೈಠಕ್ಕಿನ ಟಿಕೆಟ್ ಕೊಂಡು ಕೂತು ನೋಡಿ. ಗಾಯಕ ಸುತ್ತಿ ಬಂದು ತಾಳದ ಮೊದಲ ಪೆಟ್ಟಾದ ಸಮ್‌ಗೆ ಸೇರಿದಾಗ ಅಕ್ಕಪಕ್ಕದವರ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತದೆ. ಸ್ವಲ್ಪ ಹೊತ್ತಿಗೆ ನಿಮ್ಮದೂ.

ಯಾವ ಹೊಗಳಿಕೆಯನ್ನು ನಂಬುವುದು ಅಂತೀರಾ? ಸಾಲಿನಲ್ಲಿ ಬರೀ ಪ್ರವಾಸಿಗರಿದ್ದರೆ ಅನುಮಾನಿಸಿ. ಊರಿನ ಅಜ್ಜ ಅಜ್ಜಿಯರೂ ನಿಂತಿದ್ದರೆ ನೀವೂ ನಿಲ್ಲಿ.