ಮೊದಲ ಸಿಮ್ಯುಲೇಶನ್: ಮಾಡಬೇಕಾದ್ದು, ಮಾಡಬಾರದ್ದು

(ಬಹರೈನ್‌ನ ಕನ್ನಡ ಮನೆಗಳ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ)

ಬಹರೈನ್, ಸೌದಿ ಅರೇಬಿಯಾ ನಡುವಿನ ಸಮುದ್ರ ಸೇತುವೆ ಕಿಂಗ್ ಫಹದ್ ಕಾಸ್‌ವೇ 1986ರಲ್ಲಿ ತೆರೆದದ್ದು, ಉದ್ದ 25 ಕಿ.ಮೀ. ವಾರದ ಕೊನೆಗೆ ಅಲ್ಲಿ ಕಾರಿನೊಳಗೆ ಕೂತು ಕಾದ ಮಕ್ಕಳೆಲ್ಲ ಕೇಳುವುದು ಒಂದೇ: ಇಷ್ಟು ತಪಾಸಣೆ ಬೂತ್ ಇದ್ದರೂ ಸಾಲು ಯಾಕೆ ಕರಗುವುದಿಲ್ಲ? ಅದನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ, ಅಂದರೆ ಸಿಮ್ಯುಲೇಶನ್ ಮಾಡುವ, ಆಸೆ ಒಳ್ಳೆಯದೇ. ಆದರೆ ಅಲ್ಲಿಂದ ಶುರು ಮಾಡಬೇಡಿ.

ಮಾಡಬೇಕಾದ್ದು

• ಮನೆ ಹತ್ತಿರದ ಕೋಲ್ಡ್ ಸ್ಟೋರಿನಿಂದ (ಸಣ್ಣ ದಿನಸಿ ಅಂಗಡಿಯಿಂದ) ಶುರು ಮಾಡಿ. ಅಲ್ಲಿ ಒಂದೇ ಗಲ್ಲಾ. ಅಂಗಡಿಯವರನ್ನು ಕೇಳಿಕೊಂಡು, ಪಕ್ಕಕ್ಕೆ ನಿಂತು ಅರ್ಧ ಗಂಟೆ ಬರೆದುಕೊಳ್ಳಿ: ಯಾವ ನಿಮಿಷಕ್ಕೆ ಎಷ್ಟು ಜನ ಬಂದರು, ಒಬ್ಬರ ಬಿಲ್ಲಿಗೆ ಎಷ್ಟು ಹೊತ್ತು ಹಿಡಿಯಿತು.

• ಕೋಡ್ ಮುಟ್ಟುವ ಮೊದಲು ಆರು ಗಿರಾಕಿಗಳ ಲೆಕ್ಕ ಕೈಯಲ್ಲೇ ಹಾಕಿ. ಒಬ್ಬರ ಬಿಲ್ಲಿಗೆ ಒಂದು ನಿಮಿಷ. ನಿಮಿಷಕ್ಕೊಬ್ಬರಂತೆ ಬಂದರೆ ಯಾರೂ ಕಾಯುವುದಿಲ್ಲ. ಅದೇ ಆರು ಜನ 1ನೇ ನಿಮಿಷಕ್ಕೆ ಮೂವರು, 5ಕ್ಕೆ ಒಬ್ಬರು, 6ಕ್ಕೆ ಇಬ್ಬರು ಬಂದರೆ? ಎಲ್ಲರೂ ಸೇರಿ ಕಾದದ್ದು 4 ನಿಮಿಷ. ನಡುವೆ 4ನೇ ನಿಮಿಷದಲ್ಲಿ ಗಲ್ಲಾ ಸುಮ್ಮನೆ ಕೂತಿತ್ತು; ಆ ನಿಮಿಷವನ್ನು ಆಮೇಲೆ ಯಾರೂ ತುಂಬಿಕೊಡಲಾರರು. ಸರಾಸರಿ ಸರಿಯಿದ್ದರೂ ಸಾಲು ಬೆಳೆಯುವುದು ಹೀಗೆ. ಕಾಸ್‌ವೇ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ.

• ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಿ: ಸಾಲು, ಕಾದ_ನಿಮಿಷ. ಪ್ರೋಗ್ರಾಮ್ ಚೆನ್ನಾಗಿಯೇ ಓಡುತ್ತದೆ. ಇದು ನನ್ನ ಹಟ ಎಂದಾದರೂ ಅಂದುಕೊಳ್ಳಿ, ಮಾಡಿ ನೋಡಿ.

• ರ್‍ಯಾಂಡಮ್ ಸಂಖ್ಯೆ ಬಳಸುವಾಗ ಸೀಡ್ (ಶುರುವಿನ ಸಂಖ್ಯೆ) ಕೊಡಿ. ಕೊಡದಿದ್ದರೆ ಪ್ರತಿ ಸಲ ಬೇರೆ ಉತ್ತರ ಬಂದು, ತಪ್ಪು ಎಲ್ಲಿದೆ ಎಂದೇ ತಿಳಿಯದು. ತಪ್ಪು ತಿದ್ದಿದ ಮೇಲೆ ಸೀಡ್ ಬದಲಿಸುತ್ತ ನೂರು ಸಲ ಓಡಿಸಿ, ಸರಾಸರಿ ತೆಗೆಯಿರಿ.

ಮಾಡಬಾರದ್ದು

• ಪ್ರೋಗ್ರಾಮಿನಲ್ಲಿ ಒಂದೇ ಸಲಕ್ಕೆ ಎರಡು ಸಂಖ್ಯೆ ಬದಲಿಸಬೇಡಿ; ಉತ್ತರ ಬದಲಾದದ್ದು ಯಾವುದರಿಂದ ಎಂದು ತಿಳಿಯದು.

• ಕಾರಿನ ಚಿತ್ರ, ಬಣ್ಣ, ಹಾರ್ನ್ ಸದ್ದು ಈಗಲೇ ಬೇಡ. ಕೈಲೆಕ್ಕದ 4 ನಿಮಿಷವೇ ಪ್ರೋಗ್ರಾಮಿನಿಂದಲೂ ಬರುವ ತನಕ ಅವಕ್ಕೆ ಕೈ ಹಾಕಬೇಡಿ.

• ಯಾರೋ ಬರೆದ ಕೋಡನ್ನು ಇಡಿಯಾಗಿ ತಂದು ಅಂಟಿಸಬೇಡಿ. ಎಐ ಬರೆದುಕೊಟ್ಟದ್ದಕ್ಕೂ ಇದೇ ಮಾತು.

• ಲೆಕ್ಕಕ್ಕೆ ಬೇಕೆಂದು ಗಡಿ ತಪಾಸಣೆ ಜಾಗದಲ್ಲಿ ಫೋಟೊ, ವಿಡಿಯೊ ತೆಗೆಯಲೇಬೇಡಿ.

• ಅಪ್ಪ ಅಮ್ಮಂದಿರೇ, ಮಗು ತಡವರಿಸಿತೆಂದು ಕೀಬೋರ್ಡ್ ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಕೂತು ‘ಮುಂದಿನ ನಿಮಿಷ ಏನಾಗುತ್ತದೆ?’ ಎಂದು ಕೇಳಿ, ಸಾಕು.

ಕೆಲಸವನ್ನು ನನಗೆ ತೋರಿಸಲು ಬರುವಾಗ ಕೋಲ್ಡ್ ಸ್ಟೋರಿನಲ್ಲಿ ಬರೆದುಕೊಂಡ ಪುಟ ಜೊತೆಗಿರಲಿ. ನಾನು ಮೊದಲು ನೋಡುವುದು ಅದನ್ನೇ, ಸ್ಕ್ರೀನ್ ಆಮೇಲೆ.