ಚಂದಾ ತೆತ್ತು ಬಳಸುವ ಕಲಾತಂತ್ರಾಂಶಗಳು

ಚಂದಾ ಎಂಬ ಮಾತು ನಮಗೆ ಹೊಸದಲ್ಲ. ಮಾಸಪತ್ರಿಕೆಯೊಂದಕ್ಕೆ ವರ್ಷದ ಚಂದಾ ಕಟ್ಟಿದವರ ಮನೆಗೆ ಹನ್ನೆರಡು ಸಂಚಿಕೆಗಳು ಬರುತ್ತವೆ. ಮರುವರ್ಷ ಕಟ್ಟದಿದ್ದರೆ ಹದಿಮೂರನೆಯದು ಬಾರದು. ಆದರೆ ಬಂದ ಹನ್ನೆರಡನ್ನು ಯಾರೂ ಪೆಟ್ಟಿಗೆಯಿಂದ ತೆಗೆದುಕೊಂಡು ಹೋಗುವುದಿಲ್ಲ. ಚಿತ್ರ ಬರೆಯುವುದಕ್ಕೂ ಪುಟ ಜೋಡಿಸುವುದಕ್ಕೂ ಈಗ ಬಳಕೆಯಲ್ಲಿರುವ ಎಷ್ಟೋ ತಂತ್ರಾಂಶಗಳ ಚಂದಾ ಈ ಬಗೆಯದಲ್ಲ. ಹಣ ನಿಂತರೆ ಉಪಕರಣವೇ ನಿಲ್ಲುತ್ತದೆ. ಹೆಸರು ಚಂದಾ, ಗುಣ ಬಾಡಿಗೆ. ಈ ಭೇದವನ್ನು ವಿದ್ಯಾರ್ಥಿನಿಯರು ಮೊದಲು ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಕನ್ನಡದ ಅಚ್ಚಿನ ಕೆಲಸವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಂಗಳೂರಿನಲ್ಲಿ 1841ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದಿತು. ಆ ಕಾಲದ ಮುದ್ರಣಾಲಯದಲ್ಲಿ ಸೀಸದ ಮೊಳೆಗಳು ಒಮ್ಮೆ ಬಂದರೆ ಸವೆಯುವವರೆಗೆ ದುಡಿಯುತ್ತಿದ್ದವು. ಕೆಲಸವಿಲ್ಲದ ತಿಂಗಳಲ್ಲಿ ಗೂಡುಗಳಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು, ಕಾಸು ಕೇಳುತ್ತಿರಲಿಲ್ಲ. ಗಣಕಯಂತ್ರ ಬಂದ ಮೇಲೂ ಕೆಲವು ಕಾಲ ಇದೇ ರೀತಿ ನಡೆಯಿತು. ಆಲ್ಡಸ್ ಸಂಸ್ಥೆ 1985ರಲ್ಲಿ ಹೊರತಂದ ಪೇಜ್‌ಮೇಕರ್, 1994ರಲ್ಲಿ ಅಡೋಬಿ ಸಂಸ್ಥೆಯ ಪಾಲಾಗಿ, 2001ರಲ್ಲಿ ಏಳನೆಯ ಆವೃತ್ತಿಗೆ ನಿಂತಿತು. ನುಡಿ, ಶ್ರೀಲಿಪಿ ಮೊದಲಾದ ಅಕ್ಷರಗಳೊಡನೆ ಕನ್ನಡದ ಸಣ್ಣ ಮುದ್ರಣಾಲಯಗಳು ಅದನ್ನು ಆಮೇಲೂ ಬಹುವರ್ಷ ದುಡಿಸಿಕೊಂಡವು. (ಕೊಂಡ ಪ್ರತಿಗಳೊಡನೆ ಕದ್ದ ಪ್ರತಿಗಳೂ ಇದ್ದವೆಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ.) ತಯಾರಕರು ಕೈಬಿಟ್ಟ ಉಪಕರಣವೂ ಬಳಸುವವರ ಕೈಯಲ್ಲಿ ಉಳಿಯಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಅದೇ ಸಂಸ್ಥೆಯ ಇನ್‌ಡಿಸೈನ್, 2012ರ ಸಿ.ಎಸ್. 6 ಆವೃತ್ತಿಯಲ್ಲಿ ಕನ್ನಡವೂ ಸೇರಿದಂತೆ ಭಾರತದ ಹತ್ತು ಭಾಷೆಗಳಿಗೆ ಎಡೆಕೊಟ್ಟಿತು. ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಜೋಡಿಸುವ ಅನುಕೂಲ ಇನ್ನೇನು ಕೈಗೆ ಬಂದಿತೆನ್ನುವಷ್ಟರಲ್ಲಿ, 2013ರ ಮೇ ತಿಂಗಳಲ್ಲಿ, ಮುಂದಿನ ಆವೃತ್ತಿಗಳು ಚಂದಾದ ಮೇಲಲ್ಲದೆ ದೊರೆಯಲಾರವೆಂದು ಸಂಸ್ಥೆಯು ಸಾರಿತು. ಊಟಕ್ಕೆ ಎಲೆ ಹಾಕಿ ಕುಳಿತ ಮೇಲೆ ಎಲೆಗೆ ಬಾಡಿಗೆ ಕೇಳಿದಂತಾಯಿತು.

ಗೌರಿಬಿದನೂರು ತಾಲ್ಲೂಕಿನ ನಮ್ಮ ತೊಂಡೇಬಾವಿಯಂಥ ಊರಿನಲ್ಲಿ ಹೆಣ್ಣುಮಗಳೊಬ್ಬಳು ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಅಂಗಡಿಯ ಫಲಕಗಳನ್ನು ರಚಿಸಿ ಜೀವಿಸುವಳೆಂದು ಎಣಿಸೋಣ. ಮಾಘದಿಂದ ಜ್ಯೇಷ್ಠದವರೆಗೆ ಅವಳಿಗೆ ಕೈತುಂಬ ಕೆಲಸ. ಆಷಾಢ ಬಂದರೆ ಲಗ್ನಗಳಿಲ್ಲ, ಧನುರ್ಮಾಸದಲ್ಲಿಯೂ ಹಾಗೆಯೇ. ಮಳೆ ಕೈಕೊಟ್ಟ ವರ್ಷ ಲಗ್ನಗಳೇ ಮುಂದಕ್ಕೆ ಹೋಗುತ್ತವೆ. ಅವಳ ಆದಾಯಕ್ಕೆ ಋತುವುಂಟು, ಚಂದಾಕ್ಕೆ ಋತುವಿಲ್ಲ. ಕೆಲಸವಿಲ್ಲದ ತಿಂಗಳಲ್ಲಿ ಬಿಟ್ಟು ಮತ್ತೆ ಸೇರೋಣವೆಂದರೆ, ವರ್ಷದ ಕರಾರಿಗೆ ಒಪ್ಪಿ ತಿಂಗಳು ತಿಂಗಳು ಕಟ್ಟುವವರು ನಡುವೆ ಬಿಟ್ಟಲ್ಲಿ ಉಳಿದ ಮೊಬಲಗಿನ ಅರ್ಧವನ್ನು ತೆರಬೇಕೆಂಬ ನಿಬಂಧನೆಯಿತ್ತು. ಈ ದಂಡವನ್ನು ಗಿರಾಕಿಗಳಿಗೆ ಸ್ಪಷ್ಟವಾಗಿ ತಿಳಿಸಲಿಲ್ಲವೆಂದು ಆರೋಪಿಸಿ ಅಮೆರಿಕದ ಸರ್ಕಾರವು 2024ರಲ್ಲಿ ಅಡೋಬಿಯ ಮೇಲೆ ದಾವೆ ಹೂಡಿತು.

ಹಣಕ್ಕಿಂತ ದೊಡ್ಡ ತೊಡಕು ಇನ್ನೊಂದುಂಟು. ಬಳಸುವವರು ಚಂದಾದಾರರು ಹೌದೋ ಅಲ್ಲವೋ ಎಂಬುದನ್ನು ಯಂತ್ರವು ಆಗಾಗ ಅಂತರಜಾಲದ ಮೂಲಕ ದೂರದ ಸಂಸ್ಥೆಯನ್ನು ಕೇಳಿ ತಿಳಿಯಬೇಕು. 2014ರ ಮೇ ತಿಂಗಳಲ್ಲಿ ಆ ಪ್ರವೇಶದ್ವಾರವೇ ಒಂದು ದಿನಕ್ಕೂ ಮಿಕ್ಕು ಕೆಟ್ಟು, ಹಣ ತೆತ್ತವರಲ್ಲಿ ಅನೇಕರು ಹೊರಗೆ ನಿಂತರು. 2019ರ ಅಕ್ಟೋಬರಿನಲ್ಲಿ, ಅಮೆರಿಕದ ಅಧ್ಯಕ್ಷರ ಆಜ್ಞೆಯ ಕಾರಣದಿಂದ ವೆನೆಜುವೇಲ ದೇಶದ ಎಲ್ಲ ಖಾತೆಗಳನ್ನೂ ಮುಚ್ಚುವೆವೆಂದು ಸಂಸ್ಥೆಯು ತಿಳಿಸಿತು. ಕೆಲವು ವಾರಗಳಲ್ಲಿ ಸರ್ಕಾರದ ಅನುಮತಿ ಪಡೆದು ಆ ನಿರ್ಧಾರವನ್ನು ಹಿಂದೆಗೆದುಕೊಂಡಿತಾದರೂ, ತಮ್ಮ ತಪ್ಪೇನೂ ಇಲ್ಲದ ಚಿತ್ರಕಾರರು ಅಷ್ಟು ದಿನ ದಿಗಿಲಿನಲ್ಲಿದ್ದರು. ಸ್ವಂತ ಮೊಳೆಗಳಿದ್ದ ಮುದ್ರಕನಿಗೆ ಇಂಥ ಭಯವಿರಲಿಲ್ಲ.

ಚಂದಾದ ಪಕ್ಷದಲ್ಲಿಯೂ ಹೇಳಬೇಕಾದದ್ದುಂಟು. ದೊಡ್ಡ ಮೊಬಲಗನ್ನು ಒಮ್ಮೆಗೇ ಹೊಂದಿಸಲಾರದವರು ಒಂದೆರಡು ತಿಂಗಳ ಕೆಲಸಕ್ಕೆ ಸಣ್ಣ ಹಣದಿಂದ ಒಳ್ಳೆಯ ಉಪಕರಣವನ್ನು ಪಡೆಯಬಹುದು; ಸುಧಾರಣೆಗಳೂ ತಾವಾಗಿ ಬರುತ್ತವೆ. ಬಾಡಿಗೆಯೇ ದೋಷವೆಂದು ನಾನು ಹೇಳುವುದಿಲ್ಲ. ಕ್ರಯಕ್ಕೆ ದೊರೆಯದೆ ಬಾಡಿಗೆಯೊಂದೇ ಉಳಿಯುವುದು ದೋಷ.

ವಿದ್ಯಾರ್ಥಿಗಳಿಗೆಂದು ಇಳಿಸಿದ ದರವು ವಿದ್ಯಾಭ್ಯಾಸದೊಡನೆ ಮುಗಿಯುತ್ತದೆ. ಆದಕಾರಣ ಕಲಿಯುವಾಗಲೇ ಚಂದಾವಿಲ್ಲದ ಉಪಕರಣಗಳ ಪರಿಚಯವೂ ಇರಲಿ. ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್, ಛಾಯಾಚಿತ್ರಕ್ಕೆ ಗಿಂಪ್, ವರ್ಣಚಿತ್ರಕ್ಕೆ ಕ್ರಿಟಾ, ಪುಟವಿನ್ಯಾಸಕ್ಕೆ ಸ್ಕ್ರೈಬಸ್. ಇವೆಲ್ಲ ಬೆಲೆಯಿಲ್ಲದೆ ದೊರೆಯುತ್ತವೆ, ಅಂತರಜಾಲದ ಅಪ್ಪಣೆಯನ್ನೂ ಕೇಳುವುದಿಲ್ಲ. ಸ್ಕ್ರೈಬಸ್ಸಿನ ಹಳೆಯ ಸ್ಥಿರ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತಿರಲಿಲ್ಲ, 2024ರ 1.6 ಆವೃತ್ತಿಯಲ್ಲಿ ಆ ಕೊರತೆ ನೀಗಿದೆ. ಚಂದಾದ ತಂತ್ರಾಂಶದಲ್ಲಿ ಈಗಾಗಲೇ ದುಡಿಯುತ್ತಿರುವವರು, ಚಂದಾ ಮುಗಿಯುವ ಮೊದಲೇ, ಇನ್‌ಡಿಸೈನಿನ ಪ್ರತಿಯೊಂದು ಕೆಲಸವನ್ನೂ ಪಿ.ಡಿ.ಎಫ್. ರೂಪದಲ್ಲಿಯೂ ಐ.ಡಿ.ಎಂ.ಎಲ್. ರೂಪದಲ್ಲಿಯೂ ತೆಗೆದಿರಿಸಿಕೊಳ್ಳಬೇಕು. ಮೊದಲನೆಯದನ್ನು ಯಾವ ಯಂತ್ರದಲ್ಲಾದರೂ ನೋಡಬಹುದು, ಅಚ್ಚುಹಾಕಬಹುದು. ಎರಡನೆಯದನ್ನು ಸ್ಕ್ರೈಬಸ್ಸಿನಲ್ಲಿ ತೆರೆದು ತಿದ್ದಬಹುದು. ಸಾಲುಗಳು ಅಲ್ಲಲ್ಲಿ ಕದಲಿರುತ್ತವೆ, ಮತ್ತೆ ಹೊಂದಿಸಿಕೊಳ್ಳಬೇಕಾಗುತ್ತದೆ.